ಬಿಳುಪು ಬೇರೆ, ಅಳತೆ ಬೇರೆ: ಹೃದಯದ ಗೋಡೆಗೆ ಗ್ಯಾಡೊಲಿನಿಯಮ್ ಎಷ್ಟು ಇಳಿಯಿತು?

(ಬೀದರಿನಲ್ಲಿ ವಿಜ್ಞಾನ ವಿದ್ಯಾರ್ಥಿಗಳು, ನರ್ಸಿಂಗ್ ಕಲಿಯುತ್ತಿರುವವರು ಮತ್ತು ಊರಿನವರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ಶರಣು ಶರಣಾರ್ಥಿ.

ಎದೆನೋವು ಅಂತ ದವಾಖಾನೆಗೆ ಹೋದವರಿಗೆ ಮೊದಲು ಇಸಿಜಿ, ಆಮೇಲೆ ಎಕೋ, ಬೇಕೆನಿಸಿದರೆ ಆಂಜಿಯೋಗ್ರಾಂ. ಈ ಮೂರರ ಹೆಸರು ಈಗ ನಮ್ಮ ಹಳ್ಳಿಗಳಲ್ಲೂ ಎಲ್ಲರಿಗೂ ಗೊತ್ತು. ಹೃದಯದ ಎಂಆರ್‌ಐ ಮಾತ್ರ ಇನ್ನೂ ಹೊಸದು. ಕಲಬುರಗಿಗೋ ಹೈದರಾಬಾದಿಗೋ ಫೈಲು ಹಿಡಿದುಕೊಂಡು ಹೋಗಿ ಬಂದವರು ಫಿಲ್ಮು ತೋರಿಸಿ, "ಇಲ್ಲಿ ಬೆಳ್ಳಗ ಕಾಣಸ್ತದಲ್ಲ, ಏನ್ರಿ ಸರ ಅದು?" ಎಂದು ಕೇಳುತ್ತಾರೆ. ನಾನು ಡಾಕ್ಟರಲ್ಲ, ಎಂಆರ್‌ಐನ ಭೌತವಿಜ್ಞಾನ ಕಲಿಸುವವನು. ಆದರೆ ಆ ಪ್ರಶ್ನೆಗೆ ಉತ್ತರ ಕೊಡಬೇಕಾದದ್ದು ಭೌತವಿಜ್ಞಾನವೇ. ಆ ಬಿಳುಪು, ಕೈಯ ನರದಿಂದ ಕೊಟ್ಟ ಕಾಂಟ್ರಾಸ್ಟ್ ಔಷಧಿ ಅಲ್ಲಿಗೆ ಮುಟ್ಟಿದೆ ಎಂಬುದರ ಗುರುತು. ಎಷ್ಟು ಮುಟ್ಟಿದೆ ಎಂಬ ಲೆಕ್ಕ ಬಿಳುಪಿನಿಂದ ಸಿಗುವುದಿಲ್ಲ, ಅದನ್ನು ಬೇರೆಯಾಗಿಯೇ ಅಳೆಯಬೇಕು. ಆ ಅಳತೆಯಲ್ಲಿ ಒಂದು ಜಾಗವಿದೆ, ಅಲ್ಲಿ ಎಚ್ಚರ ತಪ್ಪಿದರೆ ನಮ್ಮ ಭಾಗದ ಹೆಣ್ಣುಮಕ್ಕಳ ಕಾಯಿಲೆ ಕಣ್ತಪ್ಪಿ ಹೋಗುತ್ತದೆ. ನಾನು ಇವತ್ತು ಬಂದಿರುವುದು ಮುಖ್ಯವಾಗಿ ಅದನ್ನು ಹೇಳಲಿಕ್ಕೆ.

ಮೊದಲು ಔಷಧಿಯ ವಿಷಯ. ಅದರೊಳಗಿರುವುದು ಗ್ಯಾಡೊಲಿನಿಯಮ್ ಎಂಬ ಲೋಹ. ಪರಮಾಣು ಸಂಖ್ಯೆ 64. ಇದರ ಅಯಾನಿನಲ್ಲಿ ಏಳು ಎಲೆಕ್ಟ್ರಾನುಗಳು ಜೋಡಿಯಿಲ್ಲದೆ ಉಳಿದಿರುತ್ತವೆ, ಹಾಗಾಗಿ ಅದಕ್ಕೆ ಕಾಂತಗುಣ ಬಹಳ. ಆದರೆ ಬರಿಯ ಗ್ಯಾಡೊಲಿನಿಯಮ್ ಅಯಾನು ವಿಷ. ಗಾತ್ರದಲ್ಲಿ ಅದು ಹೆಚ್ಚುಕಡಿಮೆ ಕ್ಯಾಲ್ಸಿಯಮ್ಮಿನಷ್ಟೇ ಇರುವುದರಿಂದ, ಕ್ಯಾಲ್ಸಿಯಂ ಮಾಡುವ ಕೆಲಸಗಳ ನಡುವೆ ನುಗ್ಗಿ ಅಡ್ಡಿ ಮಾಡುತ್ತದೆ. ಆದ್ದರಿಂದ ಡಿಟಿಪಿಎ, ಡೋಟಾ ಎಂಬಂಥ ದೊಡ್ಡ ಸಾವಯವ ಅಣುವಿನೊಳಗೆ ಅದನ್ನು ಬಿಗಿಯಾಗಿ ಹಿಡಿದಿಟ್ಟು ಕೊಡುತ್ತಾರೆ. ಡಿಟಿಪಿಎ ಜೊತೆ ಸೇರಿಸಿದ ಮೊದಲ ಔಷಧಿಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1988ರಲ್ಲಿ. ಅದಕ್ಕೂ ಹತ್ತು ವರ್ಷ ಮೊದಲು, 1978ರಲ್ಲಿ, ಪಾಲ್ ಲಾಟರ್ಬರ್ ಮತ್ತು ಜೊತೆಗಾರರು ಹೃದಯದ ಒಂದು ರಕ್ತನಾಳ ಕಟ್ಟಿದ ನಾಯಿಗಳಿಗೆ ಮ್ಯಾಂಗನೀಸ್ ಲವಣ ಕೊಟ್ಟು, ಪೆಟ್ಟು ತಿಂದ ಸ್ನಾಯುವಿಗೂ ಚೆನ್ನಾಗಿರುವ ಸ್ನಾಯುವಿಗೂ ವ್ಯತ್ಯಾಸ ಅಳೆಯಬಹುದೆಂದು ತೋರಿಸಿದ್ದರು. 2003ರಲ್ಲಿ ಪೀಟರ್ ಮ್ಯಾನ್ಸ್‌ಫೀಲ್ಡ್ ಜೊತೆ ನೊಬೆಲ್ ಹಂಚಿಕೊಂಡ ಲಾಟರ್ಬರ್ ಇವರೇ. ಎಂಆರ್‌ಐ ಕಾಂಟ್ರಾಸ್ಟಿನ ಚರಿತ್ರೆಯ ಮೊದಲ ಪುಟಗಳಲ್ಲೇ ಹೃದಯ ಇದೆ ಎಂಬುದು ನನಗೆ ಬಹಳ ಮುಖ್ಯವಾದ ಸಂಗತಿ.

ಈಗ ಗಮನವಿಟ್ಟು ಕೇಳಬೇಕಾದ ಮಾತು. ಸಿಟಿ ಸ್ಕ್ಯಾನಿನಲ್ಲಿ ಕೊಡುವ ಅಯೋಡಿನ್ ತಾನೇ ಎಕ್ಸ್‌-ರೇಯನ್ನು ತಡೆಯುತ್ತದೆ. ಅಯೋಡಿನ್ ಎರಡು ಪಟ್ಟಾದರೆ ಅದರಿಂದ ಬರುವ ಬಿಳುಪೂ ಹೆಚ್ಚುಕಡಿಮೆ ಎರಡು ಪಟ್ಟು. ಎಂಆರ್‌ಐ ಹಾಗಲ್ಲ. ಮಷಿನ್ನಿಗೆ ಗ್ಯಾಡೊಲಿನಿಯಮ್ ಕಾಣುವುದೇ ಇಲ್ಲ. ಅದಕ್ಕೆ ಕಾಣುವುದು ಮುಖ್ಯವಾಗಿ ನಮ್ಮ ಮೈಯೊಳಗಿನ ನೀರಿನ ಹೈಡ್ರೋಜನ್. ದೊಡ್ಡ ಕಾಂತದೊಳಗೆ ಮಲಗಿದಾಗ ಈ ಹೈಡ್ರೋಜನ್ ಬೀಜಗಳಿಂದ ಕಾಂತದ ದಿಕ್ಕಿನಲ್ಲೇ ಒಂದು ಸಣ್ಣ ಕಾಂತತ್ವ ಹುಟ್ಟುತ್ತದೆ. ರೇಡಿಯೋ ಅಲೆ ಕೊಟ್ಟು ಅದನ್ನು ಕೆಡವಿದರೆ, ನಿಧಾನವಾಗಿ ಮತ್ತೆ ಮೊದಲಿನ ಸ್ಥಿತಿಗೆ ಏಳುತ್ತದೆ. ಪೂರ್ತಿ ಕೆಡವಿದ ಮೇಲೆ ಶೇ 63ರಷ್ಟು ಎದ್ದು ಬರಲು ಹಿಡಿಯುವ ಸಮಯಕ್ಕೆ ಟಿ1 ಎನ್ನುತ್ತಾರೆ. 1.5 ಟೆಸ್ಲಾ ಮಷಿನ್ನಿನಲ್ಲಿ (ಟೆಸ್ಲಾ ಎಂದರೆ ಕಾಂತದ ಬಲದ ಅಳತೆ) ಆರೋಗ್ಯವಂತ ಹೃದಯದ ಗೋಡೆಯ ಟಿ1 ಸುಮಾರು 1000 ಮಿಲಿಸೆಕೆಂಡ್, ರಕ್ತದ್ದು 1500–1600. ಹತ್ತಿರದಲ್ಲಿ ಗ್ಯಾಡೊಲಿನಿಯಮ್ ಇದ್ದರೆ ನೀರು ಬೇಗ ಚೇತರಿಸಿಕೊಳ್ಳುತ್ತದೆ, ಟಿ1 ಕಡಿಮೆಯಾಗುತ್ತದೆ. ಮಷಿನ್ ಹಿಡಿಯುವುದು ಈ ಬೇಗವನ್ನು.

ಲೆಕ್ಕಕ್ಕೆ ಒಂದು ಅನುಕೂಲವಿದೆ. ಟಿ1ನ ವಿಲೋಮವನ್ನು, ಅಂದರೆ 1ನ್ನು ಟಿ1ರಿಂದ ಭಾಗಿಸಿದ್ದನ್ನು, ಚೇತರಿಕೆಯ ವೇಗ ಎಂದುಕೊಳ್ಳೋಣ. ಈ ವೇಗ ಎಷ್ಟು ಹೆಚ್ಚಾಯಿತೋ ಅದು ಅಲ್ಲಿರುವ ಗ್ಯಾಡೊಲಿನಿಯಮ್ಮಿನ ಸಾಂದ್ರತೆಗೆ ನೇರ ಅನುಪಾತದಲ್ಲಿರುತ್ತದೆ. ಸಾಮಾನ್ಯವಾಗಿ ಬಳಸುವ ಔಷಧಿಗಳಲ್ಲಿ ಲೀಟರಿಗೆ ಒಂದು ಮಿಲಿಮೋಲ್ ಇದ್ದರೆ ವೇಗ ಸೆಕೆಂಡಿಗೆ 4ರಿಂದ 5ರಷ್ಟು ಏರುತ್ತದೆ. ಚಿತ್ರದ ಬಿಳುಪಿಗೆ ಈ ನಿಯತ್ತು ಇಲ್ಲ. ಸಾಂದ್ರತೆ ಕಡಿಮೆ ಇದ್ದಾಗ ಬಿಳುಪು ಅದರ ಜೊತೆ ಏರುತ್ತದೆ, ಆಮೇಲೆ ಏರಿಕೆ ಮಂದವಾಗುತ್ತದೆ, ಸಾಂದ್ರತೆ ತೀರಾ ಹೆಚ್ಚಾದರೆ ಬೇರೊಂದು ಪರಿಣಾಮದಿಂದ ಚಿತ್ರ ಕಪ್ಪಗೇ ಆಗುತ್ತದೆ. ಇದರ ಮೇಲೆ ರೋಗಿಯ ಎದೆಯ ಮೇಲಿಟ್ಟ, ಸಂಕೇತ ಹಿಡಿಯುವ ಕಾಯಿಲ್ ಎಷ್ಟು ಹತ್ತಿರವಿದೆ, ಪರದೆಯ ಹೊಳಪನ್ನು ಎಷ್ಟಕ್ಕೆ ಇಟ್ಟಿದ್ದಾರೆ, ಎಲ್ಲವೂ ಬಿಳುಪನ್ನು ಬದಲಿಸುತ್ತವೆ. ಎರಡು ಫಿಲ್ಮು ಪಕ್ಕಪಕ್ಕ ಹಿಡಿದು "ಹೋದ ವರ್ಷಕ್ಕಿಂತ ಬಿಳುಪು ಹೆಚ್ಚಾಗಿದೆ" ಎನ್ನುವುದು ಈ ಕಾರಣಕ್ಕೇ ಅಪಾಯದ ಮಾತು.

ಔಷಧಿ ಹೃದಯದೊಳಗೆ ಹೇಗೆ ಹರಡುತ್ತದೆ ಎನ್ನುವುದಕ್ಕೆ ನಿಮ್ಮ ಊರಿನದೇ ಒಂದು ಉದಾಹರಣೆ ಕೊಡುತ್ತೇನೆ. ನೌಬಾದಿನ ಸುರಂಗ ಬಾವಿ ನೀವೆಲ್ಲ ನೋಡಿದ್ದೀರಿ. ಬಹಮನಿ ಕಾಲದವರು ನೆಲದೊಳಗೆ ಕಾಲುವೆ ಕೊರೆದು, ಅಲ್ಲಲ್ಲಿ ಮೇಲಿನಿಂದ ಬಾವಿಯಂತೆ ಕಿಂಡಿ ತೆಗೆದಿದ್ದಾರೆ. ಮೇಲುಗಡೆಯ ಒಂದು ಕಿಂಡಿಯಲ್ಲಿ ಒಂದೇ ಸಲಕ್ಕೆ ಬಣ್ಣ ಸುರಿದು, ಕೆಳಗಿನ ಕಿಂಡಿಯಲ್ಲಿ ಕೂತು ನೋಡಿದರೆ ಬಣ್ಣ ಬರುತ್ತದೆ, ಗಾಢವಾಗುತ್ತದೆ, ತಿಳಿಯಾಗುತ್ತದೆ. ಎಷ್ಟು ಹೊತ್ತಿಗೆ ಬಂತು, ಎಷ್ಟು ಗಾಢವಾಯಿತು ಎಂಬುದರಿಂದ ಹರಿವು ತಿಳಿಯುತ್ತದೆ. ಆದರೆ ಬಣ್ಣದ ಒಂದು ಪಾಲು ಪಕ್ಕದ ಕಲ್ಲಿನ ಸಂದುಗಳೊಳಗೂ ಇಳಿಯುತ್ತದೆ. ಮುಖ್ಯ ಹರಿವು ತಿಳಿಯಾದ ಬಹಳ ಹೊತ್ತಿನ ಮೇಲೂ ಸಂದುಗಳಿಂದ ಬಣ್ಣ ಸ್ವಲ್ಪ ಸ್ವಲ್ಪವೇ ವಾಪಸು ಬರುತ್ತಿರುತ್ತದೆ. ಮೊದಲನೆಯದು ಹರಿವಿನ ಲೆಕ್ಕ, ಎರಡನೆಯದು ಸಂದುಗಳು ಎಷ್ಟಿವೆ ಎಂಬ ಲೆಕ್ಕ. ಹೃದಯದಲ್ಲೂ ನಾವು ಈ ಎರಡನ್ನೇ ಅಳೆಯುತ್ತೇವೆ, ಬೇರೆಬೇರೆ ಹೊತ್ತಿನಲ್ಲಿ.

ಮೊದಲನೆಯದನ್ನು ಬೇಗ ಮುಗಿಸುತ್ತೇನೆ. ಕೈಯ ನರಕ್ಕೆ ಕೊಟ್ಟ ಔಷಧಿ ಹೃದಯದ ಬಲಭಾಗಕ್ಕೆ, ಅಲ್ಲಿಂದ ಶ್ವಾಸಕೋಶಕ್ಕೆ, ಮತ್ತೆ ಎಡಭಾಗಕ್ಕೆ ಬಂದು, ಅಲ್ಲಿಂದ ಕರೋನರಿ ರಕ್ತನಾಳಗಳ ಮೂಲಕ ಹೃದಯದ ಗೋಡೆಗೇ ಹೋಗುತ್ತದೆ. ಪ್ರತಿ ಬಡಿತಕ್ಕೂ ಚಿತ್ರ ತೆಗೆಯುತ್ತ ಹೋದರೆ, ರಕ್ತ ಕಡಿಮೆ ಬರುವ ಭಾಗ ತಡವಾಗಿ ಮತ್ತು ಮಂದವಾಗಿ ಬೆಳಗುತ್ತದೆ. ಅಡಿನೋಸಿನ್ ಎಂಬ ಔಷಧಿ ಕೊಟ್ಟು ರಕ್ತನಾಳ ಹಿಗ್ಗಿಸಿ ಈ ಪರೀಕ್ಷೆ ಮಾಡುತ್ತಾರೆ. ಒಂದು ಗ್ರಾಂ ಸ್ನಾಯುವಿಗೆ ನಿಮಿಷಕ್ಕೆ ಎಷ್ಟು ಎಂಎಲ್ ರಕ್ತ ಎಂದು ಅಂಕಿಯನ್ನೇ ಕೊಡಬೇಕಾದರೆ ಎಡ ಹೃತ್ಕುಕ್ಷಿಯೊಳಗಿನ, ಅಂದರೆ ಹೃದಯದ ಎಡಗಡೆಯ ಕೆಳಕೋಣೆಯೊಳಗಿನ, ರಕ್ತದಲ್ಲಿ ಔಷಧಿ ಎಷ್ಟಿತ್ತು ಎಂಬುದೂ ಬೇಕು. ತೊಡಕು ಇರುವುದು ಅಲ್ಲೇ. ಗೋಡೆಯಲ್ಲಿ ಔಷಧಿ ಕಡಿಮೆ, ಅಲ್ಲಿ ಬಿಳುಪನ್ನು ನಂಬಬಹುದು. ರಕ್ತದಲ್ಲಿ ಅದೇ ಹೊತ್ತಿಗೆ ತೀರಾ ಗಾಢ, ಬಿಳುಪಿನ ಏರಿಕೆ ನಿಂತುಬಿಟ್ಟಿರುತ್ತದೆ. ಹಾಗೇ ಲೆಕ್ಕ ಹಾಕಿದರೆ ರಕ್ತದಲ್ಲಿ ಔಷಧಿ ಇದ್ದದ್ದಕ್ಕಿಂತ ಕಡಿಮೆ ಎಂದು ಬರುತ್ತದೆ, ಗೋಡೆಗೆ ಹರಿದ ರಕ್ತ ಇದ್ದದ್ದಕ್ಕಿಂತ ಹೆಚ್ಚು ಎಂದು ತೋರುತ್ತದೆ. ಅದಕ್ಕೆ ಕೆಲವರು ಮೊದಲು ಹತ್ತರ ಒಂದು ಪಾಲಿನಷ್ಟು ತೆಳು ಮಾಡಿದ ಔಷಧಿ ಕೊಟ್ಟು ರಕ್ತವನ್ನು ಅಳೆದು, ಆಮೇಲೆ ಪೂರ್ತಿ ಡೋಸ್ ಕೊಟ್ಟು ಗೋಡೆಯನ್ನು ಅಳೆಯುತ್ತಾರೆ. ಇನ್ನು ಕೆಲವರು ಒಂದೇ ಡೋಸಿನಲ್ಲಿ, ಪ್ರತಿ ಬಡಿತಕ್ಕೂ ರಕ್ತಕ್ಕೊಂದು ಚಿತ್ರ, ಗೋಡೆಗೊಂದು ಚಿತ್ರ ಎಂದು ಬೇರೆಬೇರೆ ಹೊಂದಿಕೆಯಲ್ಲಿ ತೆಗೆಯುತ್ತಾರೆ.

ನಿಜವಾದ ಸ್ವಾರಸ್ಯ ಆಮೇಲಿನದು. ಈ ಔಷಧಿ ರಕ್ತನಾಳದಿಂದ ಹೊರಗೆ ಸೋರುತ್ತದೆ, ಆದರೆ ಜೀವಂತ ಕೋಶದ ಪೊರೆ ದಾಟಿ ಒಳಗೆ ಹೋಗುವುದಿಲ್ಲ. ಆರೋಗ್ಯವಂತ ಹೃದಯದ ಗೋಡೆಯಲ್ಲಿ ಸ್ನಾಯುಕೋಶಗಳು ಒತ್ತೊತ್ತಾಗಿ ಇರುತ್ತವೆ, ನಡುವಿನ ಜಾಗ ಕಾಲು ಭಾಗದ ಆಸುಪಾಸು. ಹೃದಯಾಘಾತವಾದಾಗ ಕೋಶಗಳು ಸಾಯುತ್ತವೆ, ಪೊರೆ ಒಡೆಯುತ್ತದೆ, ಕೋಶವಿದ್ದ ಜಾಗಕ್ಕೂ ಔಷಧಿ ನುಗ್ಗುತ್ತದೆ. ತಿಂಗಳುಗಳ ಬಳಿಕ ಅಲ್ಲಿ ಕೊಲ್ಯಾಜೆನ್ ನಾರು ತುಂಬಿ ಕಲೆ ಕಟ್ಟಿದಾಗಲೂ ಆ ನಾರಿನ ನಡುವೆ ಜಾಗ ಹೆಚ್ಚು. ಹೊಸ ಗಾಯವಾಗಲಿ ಹಳೆಯ ಕಲೆಯಾಗಲಿ, ಔಷಧಿ ಅಲ್ಲಿ ಹೆಚ್ಚು ಸೇರುತ್ತದೆ, ನಿಧಾನವಾಗಿ ಹೊರಡುತ್ತದೆ. ಹತ್ತು ಹದಿನೈದು ನಿಮಿಷ ಬಿಟ್ಟು, ಚೆನ್ನಾಗಿರುವ ಸ್ನಾಯು ಪೂರ್ತಿ ಕಪ್ಪಗೆ ಕಾಣುವಂತೆ ಮಷಿನ್ನನ್ನು ಹೊಂದಿಸಿ ಚಿತ್ರ ತೆಗೆದರೆ, ಸತ್ತ ಭಾಗ ಬೆಳ್ಳಗೆ ಎದ್ದು ಕಾಣುತ್ತದೆ. ನಮ್ಮವರು ಫಿಲ್ಮಿನಲ್ಲಿ ತೋರಿಸಿ ಕೇಳುವ ಬಿಳುಪು ಬಹುತೇಕ ಇದೇ.

ಈ ಚಿತ್ರದ ಬೆಲೆ ಎಷ್ಟು ಎಂಬುದಕ್ಕೆ 2000ನೇ ಇಸವಿಯಲ್ಲಿ ಅಮೆರಿಕದಿಂದ ಬಂದ ಒಂದು ಅಧ್ಯಯನವಿದೆ. ಬೈಪಾಸ್ ಅಥವಾ ಆಂಜಿಯೋಪ್ಲಾಸ್ಟಿಗೆ ಹೊರಟಿದ್ದ 50 ರೋಗಿಗಳ ಹೃದಯದ ಗೋಡೆಯನ್ನು ಭಾಗಭಾಗವಾಗಿ ನೋಡಿದರು. ಸರಿಯಾಗಿ ಬಡಿಯದಿದ್ದರೂ ಬಿಳುಪು ಇಲ್ಲದ ಭಾಗಗಳಲ್ಲಿ ಶೇ 78 ಚಿಕಿತ್ಸೆಯ ನಂತರ ಸುಧಾರಿಸಿದವು. ಗೋಡೆಯ ದಪ್ಪದಲ್ಲಿ ಮುಕ್ಕಾಲಿಗಿಂತ ಹೆಚ್ಚು ಬಿಳುಪಿದ್ದ 58 ಭಾಗಗಳಲ್ಲಿ ಸುಧಾರಿಸಿದ್ದು ಒಂದೇ ಒಂದು. ಬಡಿಯದೆ ನಿಂತ ಸ್ನಾಯು ಸತ್ತಿದೆಯೋ, ರಕ್ತವಿಲ್ಲದೆ ಸುಮ್ಮನೆ ಮಲಗಿದೆಯೋ ಎಂದು ಆಪರೇಷನ್ನಿಗೆ ಮೊದಲೇ ತಿಳಿಯುತ್ತದೆ. ಮನೆ, ಹೊಲ ಅಡವಿಟ್ಟು ಆಪರೇಷನ್ನಿಗೆ ದುಡ್ಡು ಹೊಂದಿಸುವ ಕುಟುಂಬಕ್ಕೆ ಇದು ಎಂಥ ದೊಡ್ಡ ಮಾಹಿತಿ ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಿದ್ದರೆ ಚಿತ್ರವೇ ಸಾಕಲ್ಲ, ಅಳತೆ ಯಾಕೆ? ಈ ಚಿತ್ರ ಕೆಲಸ ಮಾಡುವುದು ಹೋಲಿಕೆಯ ಮೇಲೆ. ಚೆನ್ನಾಗಿರುವ ಒಂದು ಭಾಗವನ್ನು ಕಪ್ಪು ಮಾಡಿ, ಅದಕ್ಕೆ ಹೋಲಿಸಿ ಕೆಟ್ಟ ಭಾಗವನ್ನು ಬಿಳಿ ಮಾಡುತ್ತೇವೆ. ಇಡೀ ಗೋಡೆಯೇ ಸಮನಾಗಿ ಕೆಟ್ಟಿದ್ದರೆ? ಬಹಳ ವರ್ಷದ ಬಿಪಿ, ಸಕ್ಕರೆ ಕಾಯಿಲೆ, ಕವಾಟದ ತೊಂದರೆ ಇರುವವರಲ್ಲಿ ಸಣ್ಣ ನಾರು ಗೋಡೆಯ ತುಂಬ ಹರಡಿಕೊಳ್ಳುತ್ತದೆ. ಆಗ ಕಪ್ಪು ಮಾಡಲು ಆರಿಸಿಕೊಂಡ ಭಾಗವೂ ಕೆಟ್ಟದ್ದೇ, ಚಿತ್ರ ಪೂರ್ತಿ ಕಪ್ಪಾಗಿ, ನಾರ್ಮಲ್ ಎಂದು ಕಾಣುತ್ತದೆ. ಅಮಿಲಾಯ್ಡ್ ಎಂಬ ಪ್ರೋಟೀನ್ ಗೋಡೆಯೊಳಗೆ ತುಂಬಿಕೊಳ್ಳುವ ಕಾಯಿಲೆಯಲ್ಲಂತೂ ಯಾವ ಭಾಗವನ್ನು ಕಪ್ಪು ಮಾಡಬೇಕೆಂದೇ ತಿಳಿಯದೆ ಟೆಕ್ನೀಶಿಯನ್ ಕಷ್ಟಪಡುತ್ತಾರೆ. ಇಂಥಲ್ಲಿ ಹೋಲಿಕೆ ಸಾಲದು, ಅಂಕಿ ಬೇಕು.

ಆ ಅಂಕಿಗಾಗಿ ಚಿತ್ರದ ಪ್ರತಿ ಚುಕ್ಕೆಯಲ್ಲೂ ಟಿ1 ಎಷ್ಟೆಂದು ಅಳೆದು ನಕ್ಷೆ ಮಾಡುತ್ತಾರೆ. ಲುಕ್ ಮತ್ತು ಲಾಕರ್ ಎಂಬಿಬ್ಬರು 1970ರಲ್ಲಿ ಕೊಟ್ಟ ಉಪಾಯವನ್ನು ಬಡಿಯುವ ಹೃದಯಕ್ಕೆ ಒಗ್ಗಿಸಿ, 2004ರಲ್ಲಿ ಮೊಲ್ಲಿ ಎಂಬ ವಿಧಾನ ಬಂತು. ರೋಗಿ ಒಂದು ಸಲ ಉಸಿರು ಹಿಡಿದರೆ 17 ಬಡಿತಗಳಲ್ಲಿ 11 ಚಿತ್ರ, ಎಲ್ಲವೂ ಹೃದಯ ಒಂದೇ ಸ್ಥಿತಿಯಲ್ಲಿದ್ದಾಗ ತೆಗೆದವು. ಅವುಗಳಿಂದ ಚೇತರಿಕೆಯ ಗೆರೆ ಎಳೆದು ಟಿ1 ಲೆಕ್ಕ ಹಾಕುತ್ತಾರೆ. ಮೊಲ್ಲಿಗೆ ಒಂದು ದೋಷವಿದೆ. ಅದು ಟಿ1ನ್ನು ನಿಜಕ್ಕಿಂತ ಸ್ವಲ್ಪ ಕಡಿಮೆ ಹೇಳುತ್ತದೆ, ಬಡಿತ ವೇಗವಾದರೆ ಇನ್ನಷ್ಟು. ಸಾಶಾ ಎಂಬ ಇನ್ನೊಂದು ವಿಧಾನ ನಿಜಕ್ಕೆ ಹತ್ತಿರ, ಆದರೆ ಅದರ ನಕ್ಷೆಯಲ್ಲಿ ಅಂಕಿಗಳು ಹೆಚ್ಚು ಅಲುಗಾಡುತ್ತವೆ. ನನ್ನ ಅಭಿಪ್ರಾಯ ಕೇಳಿದರೆ, ಯಾವ ವಿಧಾನವಾದರೂ ಸರಿ, ಒಬ್ಬ ರೋಗಿಯ ಸ್ಕ್ಯಾನ್‌ಗಳಲ್ಲಿ ಮಧ್ಯದಲ್ಲಿ ಬದಲಿಸಬಾರದು. ಇನ್ನೂ ಒಂದು ಮಾತು: 3 ಟೆಸ್ಲಾ ಮಷಿನ್ನಿನಲ್ಲಿ ಎಲ್ಲ ಟಿ1 ಅಂಕಿಗಳೂ 1.5ಕ್ಕಿಂತ ದೊಡ್ಡವು. ಎರಡು ಊರಿನ ಎರಡು ಮಷಿನ್ನಿನ ಟಿ1ಗಳನ್ನು ಎದುರುಬದುರು ಇಟ್ಟು ಗಾಬರಿಯಾಗಬಾರದು.

ಈಗ ಲೆಕ್ಕವನ್ನು ಒಮ್ಮೆ ಮಾಡಿ ನೋಡೋಣ. ಈ ಅಂಕಿಗಳು ಲೆಕ್ಕ ಅರ್ಥವಾಗಲಿ ಎಂದು ನಾನು ಇಟ್ಟುಕೊಂಡವು. ಇಂಜೆಕ್ಷನ್ನಿಗೆ ಮೊದಲು ಗೋಡೆಯ ಟಿ1 1000 ಮಿಲಿಸೆಕೆಂಡ್, ರಕ್ತದ್ದು 1600. ಹದಿನೈದು ನಿಮಿಷದ ಮೇಲೆ ಗೋಡೆಯದು 480, ರಕ್ತದ್ದು 300. ಸೆಕೆಂಡಿನ ಲೆಕ್ಕದಲ್ಲಿ ವಿಲೋಮ ತೆಗೆದರೆ ಗೋಡೆಯ ವೇಗ 1.00ರಿಂದ 2.08ಕ್ಕೆ ಏರಿದೆ, ಏರಿಕೆ 1.08. ರಕ್ತದ ವೇಗ 0.625ರಿಂದ 3.33ಕ್ಕೆ, ಏರಿಕೆ 2.71. ಒಂದನ್ನೊಂದರಿಂದ ಭಾಗಿಸಿದರೆ 0.40. ರಕ್ತದಲ್ಲಿರುವ ಸಾಂದ್ರತೆಯ ನೂರಕ್ಕೆ ನಲವತ್ತು ಪಾಲು ಗೋಡೆಯಲ್ಲಿದೆ ಎಂದಾಯಿತು. ಔಷಧಿಯ ಶಕ್ತಿ ಎಷ್ಟು ಎಂಬ ಅಂಕಿ ಭಾಗಾಕಾರದಲ್ಲಿ ಹೊಡೆದುಹೋಯಿತು ನೋಡಿ, ಅದನ್ನು ತಿಳಿಯುವ ಅಗತ್ಯವೇ ಬೀಳಲಿಲ್ಲ. ಈ ಉಪಾಯ ನನಗೆ ಪ್ರತಿ ಸಲ ಪಾಠ ಮಾಡುವಾಗಲೂ ಸಂತೋಷ ಕೊಡುತ್ತದೆ.

ಆದರೆ ಇಷ್ಟಕ್ಕೇ ಮುಗಿಯಲಿಲ್ಲ. ರಕ್ತದಲ್ಲಿ ಕೆಂಪು ಕಣಗಳಿವೆ, ಔಷಧಿ ಅವುಗಳ ಒಳಗೂ ಹೋಗುವುದಿಲ್ಲ. ಅದು ಇರುವುದು ರಕ್ತದ ದ್ರವ ಭಾಗವಾದ ಪ್ಲಾಸ್ಮಾದಲ್ಲಿ ಮಾತ್ರ. ಹಾಗಾಗಿ 0.40ನ್ನು ರಕ್ತದಲ್ಲಿನ ಪ್ಲಾಸ್ಮಾದ ಪಾಲಿನಿಂದ ಗುಣಿಸಬೇಕು. ರಕ್ತದಲ್ಲಿ ಕೆಂಪು ಕಣಗಳ ಪಾಲಿಗೆ ಹಿಮ್ಯಾಟೋಕ್ರಿಟ್ ಎನ್ನುತ್ತಾರೆ, ಸಿಬಿಸಿ ಎಂಬ ರಕ್ತಪರೀಕ್ಷೆಯ ರಿಪೋರ್ಟಿನಲ್ಲಿ ಹಿಮೋಗ್ಲೋಬಿನ್ನಿನ ಹತ್ತಿರವೇ ಇರುತ್ತದೆ. ಅದು 42 ಇದ್ದರೆ ಪ್ಲಾಸ್ಮಾ 58. ಆಗ 0.58ನ್ನು 0.40ರಿಂದ ಗುಣಿಸಿ ಶೇ 23.2. ಹೃದಯದ ಗೋಡೆಯಲ್ಲಿ ಕೋಶಗಳ ನಡುವಿನ ಜಾಗ ಇಷ್ಟು, ನಾರ್ಮಲ್. ಅದೇ ಹಿಮ್ಯಾಟೋಕ್ರಿಟ್ 28 ಇದ್ದರೆ ಪ್ಲಾಸ್ಮಾ 72, ಉತ್ತರ ಶೇ 28.8. ಸ್ಕ್ಯಾನ್ ಒಂದೇ, ಟಿ1 ಅಂಕಿಗಳು ಅವೇ. ಒಂದು ಉತ್ತರ ಆರೋಗ್ಯವಂತ ಹೃದಯದ್ದು, ಇನ್ನೊಂದು ನಾರು ಹರಡಲು ಶುರುವಾಗಿರಬಹುದಾದ ಅಥವಾ ಊತವಿರುವ ಹೃದಯದ್ದು.

ನಾನು ಮೊದಲಿಗೆ ಹೇಳಿದ ಎಚ್ಚರದ ಜಾಗ ಇದೇ. ಆ ದಿನದ ರಕ್ತಪರೀಕ್ಷೆ ಇಲ್ಲ ಎಂದು ಯಾರಾದರೂ 42 ಎಂದು ಅಂದಾಜಿನಲ್ಲಿ ತುಂಬಿಸಿದರೆ, ರಕ್ತಹೀನತೆ ಇರುವ ರೋಗಿಯ ಅಂಕಿ ಯಾವಾಗಲೂ ಕೆಳಗೇ ಬರುತ್ತದೆ. ಕಾಯಿಲೆ ಇದ್ದವರಿಗೆ ಇಲ್ಲ ಎಂದು ಬರೆದುಕೊಡುವಂತಾಗುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 57 ಮಂದಿಗೆ ರಕ್ತಹೀನತೆ. ನಮ್ಮ ಔರಾದ, ಭಾಲ್ಕಿ ಕಡೆಯ ಹಳ್ಳಿಗಳಿಂದ ಬರುವ ಅಕ್ಕ, ಅವ್ವಂದಿರ ಹಿಮೋಗ್ಲೋಬಿನ್ 9 ಇರುವುದು ಆಶ್ಚರ್ಯದ ಮಾತಲ್ಲ. ಪಠ್ಯಪುಸ್ತಕದ ಸರಾಸರಿ ಅಂಕಿ ಅವರಿಗೆ ಹೊಂದುವುದಿಲ್ಲ. ರಕ್ತದ ಟಿ1ರಿಂದಲೇ ಹಿಮ್ಯಾಟೋಕ್ರಿಟ್ ಅಂದಾಜು ಮಾಡುವ ಸೂತ್ರಗಳೂ ಇವೆ. ಆದರೆ ಅವು ಆಯಾ ಮಷಿನ್ನಿಗೆ ತಕ್ಕಂತೆ ಮಾಡಿದವು. ಒಂದು ಕಡೆಯ ಸೂತ್ರವನ್ನು ಇನ್ನೊಂದು ಕಡೆ ಹಾಗೇ ಬಳಸುವುದು ನನಗೆ ಒಪ್ಪಿಗೆಯಿಲ್ಲ. ಇಂಜೆಕ್ಷನ್ನಿಗೆ ಹೇಗಿದ್ದರೂ ಕ್ಯಾನುಲಾ ಹಾಕುತ್ತೀರಿ. ಆಗಲೇ ನೇರಳೆ ಮುಚ್ಚಳದ ಟ್ಯೂಬಿಗೆ ಎರಡು ಎಂಎಲ್ ರಕ್ತ ತೆಗೆದರೆ ಸಾಕು. ನಿಂತಿದ್ದಾಗಿನ ಹಿಮ್ಯಾಟೋಕ್ರಿಟ್ಟಿಗಿಂತ ಮಲಗಿದ ಮೇಲಿನದು ಕಡಿಮೆ ಇರುತ್ತದೆ, ಆದ್ದರಿಂದ ರೋಗಿ ಮಲಗಿ ಸ್ವಲ್ಪ ಹೊತ್ತಾದ ಮೇಲೆ ತೆಗೆದದ್ದು ಇನ್ನೂ ಒಳ್ಳೆಯದು.

ಉಪನ್ಯಾಸ ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಮೂರನ್ನು ಇಲ್ಲಿ ಸೇರಿಸುತ್ತೇನೆ.

ಹಿರಿಯರೊಬ್ಬರು, "ಕೊರಳಾಗಿನ ಲಿಂಗ ತೆಗಿಬೇಕಂತಾರ, ಹೆಂಗ್ರಿ?" ಎಂದರು. ಆ ಸಂಕಟ ನನಗೆ ಅರ್ಥವಾಗುತ್ತದೆ. ಬೆಳ್ಳಿಯನ್ನು ಕಾಂತ ಎಳೆಯುವುದಿಲ್ಲ ನಿಜ, ಆದರೆ ಕರಡಿಗೆಯ ಕೊಂಡಿಯಲ್ಲಿ ಏನಿದೆಯೋ ಹೇಳಲಾಗದು, ಯಾವ ಲೋಹವಾದರೂ ಎದೆಯ ಮೇಲಿದ್ದರೆ ಚಿತ್ರವನ್ನೂ ಕೆಡಿಸುತ್ತದೆ, ಬಿಸಿಯೂ ಆಗಬಹುದು. ಗುರುದ್ವಾರಕ್ಕೆ ಬರುವ ನಮ್ಮ ಸಿಖ್ ಬಂಧುಗಳ ಉಕ್ಕಿನ ಕಡ, ತಾಯಂದಿರ ತಾಳಿ, ಕಾಲುಂಗುರಕ್ಕೂ ಇದೇ ನಿಯಮ. ಮನೆಯವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ, ಅವರ ಕೈಗೆ ಕೊಟ್ಟು ಒಳಗೆ ಹೋಗಿ. ಸಿಬ್ಬಂದಿಯವರು ಆ ಎರಡು ನಿಮಿಷ ಗೌರವದಿಂದ ಕಾಯಬೇಕು.

ಕಾಲೇಜಿನ ಮೇಷ್ಟ್ರೊಬ್ಬರು ಕಿಡ್ನಿಯ ಬಗ್ಗೆ ಕೇಳಿದರು. ಕಿಡ್ನಿ ಚೆನ್ನಾಗಿದ್ದರೆ ಸುಮಾರು ಒಂದೂವರೆ ಗಂಟೆಯಲ್ಲಿ ರಕ್ತದಲ್ಲಿನ ಔಷಧಿ ಅರ್ಧಕ್ಕಿಳಿಯುತ್ತದೆ, ಮೂತ್ರದಲ್ಲಿ ಹೋಗುತ್ತದೆ. ಕಿಡ್ನಿ ತೀರಾ ಕೆಟ್ಟವರಲ್ಲಿ ಚರ್ಮ ಗಟ್ಟಿಯಾಗುವ ಒಂದು ಭೀಕರ ಕಾಯಿಲೆಗೂ ಈ ಔಷಧಿಗೂ ನಂಟಿದೆ ಎಂದು 2006ರಲ್ಲಿ ತಿಳಿಯಿತು. ಲೋಹವನ್ನು ಸಡಿಲವಾಗಿ ಹಿಡಿಯುವ ನೇರ ಸರಪಣಿಯ ಅಣುಗಳಲ್ಲೇ ಈ ಅಪಾಯ ಹೆಚ್ಚು. ಉಂಗುರದಂತೆ ಸುತ್ತುವರಿದು ಹಿಡಿಯುವ ಅಣುಗಳಲ್ಲಿ ಬಹಳ ಕಡಿಮೆ. ಯುರೋಪಿನಲ್ಲಿ 2017ರಲ್ಲಿ ನೇರ ಸರಪಣಿಯ ಹಲವು ಔಷಧಿಗಳನ್ನು ತಡೆಹಿಡಿದರು. ಆದ್ದರಿಂದ ಕಿಡ್ನಿ ಹೇಗಿದೆ ಎಂದು ತೋರಿಸುವ ಕ್ರಿಯೇಟಿನಿನ್ ರಿಪೋರ್ಟ್ ಕೇಳಿದರೆ ಬೇಸರಪಡಬೇಡಿ. ಡಯಾಲಿಸಿಸ್ ಮೇಲಿದ್ದರೆ ಮೊದಲೇ ಹೇಳಿ. ಏನೂ ಕೊಡದೆ ಬರಿಯ ಟಿ1 ನಕ್ಷೆಯಿಂದಲೂ ಹೃದಯದ ಗೋಡೆಯ ಬಗ್ಗೆ ಸಾಕಷ್ಟು ತಿಳಿಯಬಹುದು.

ಕೊನೆಗೆ ನರ್ಸಿಂಗ್ ಓದುತ್ತಿರುವ ಹುಡುಗಿಯೊಬ್ಬಳು, "ಹದಿನೈದು ನಿಮಿಷ ಯಾಕೆ ಕಾಯಬೇಕು ಸರ್, ಐದು ನಿಮಿಷಕ್ಕೇ ತೆಗೆದರೆ ಆಗದಾ?" ಎಂದಳು. ಅವತ್ತಿನ ಅತ್ಯುತ್ತಮ ಪ್ರಶ್ನೆ ಅದು. ನಮ್ಮ ಭಾಗಾಕಾರ ಸರಿ ಬರಬೇಕಾದರೆ ರಕ್ತ ಮತ್ತು ಗೋಡೆಯ ನಡುವೆ ಔಷಧಿಯ ಹೋಗುಬರುವು ಸಮತೂಕಕ್ಕೆ ಬಂದಿರಬೇಕು. ಐದು ನಿಮಿಷಕ್ಕೆ ಕಲೆಯ ಒಳಭಾಗಕ್ಕೆ ಔಷಧಿ ಇನ್ನೂ ಪೂರ್ತಿ ಇಳಿದಿರುವುದಿಲ್ಲ. ತೀರಾ ತಡಮಾಡಿದರೆ ಔಷಧಿ ಮೂತ್ರಕ್ಕೆ ಹೋಗಿ, ಮೊದಲಿನ ಟಿ1ಗೂ ಆಮೇಲಿನದಕ್ಕೂ ವ್ಯತ್ಯಾಸ ಸಣ್ಣದಾಗಿ, ಅಳತೆಯ ದೋಷವೇ ದೊಡ್ಡದಾಗುತ್ತದೆ. ಲಂಡನ್ನಿನ ಸಂಶೋಧಕರು 2010ರಲ್ಲಿ, ಮೊದಲ ಡೋಸಿನ ಮೇಲೆ ನಿಧಾನವಾಗಿ ಡ್ರಿಪ್ ಕೊಟ್ಟು ನಿಜವಾದ ಸಮತೂಕ ತಂದು, ಬಂದ ಅಂಕಿಯನ್ನು ಅದೇ ರೋಗಿಗಳ ಹೃದಯದಿಂದ ತೆಗೆದ ಚೂರಿನಲ್ಲಿದ್ದ ನಾರಿನ ಪ್ರಮಾಣಕ್ಕೆ ತಾಳೆ ನೋಡಿದ್ದರು. ದಿನನಿತ್ಯದ ಕೆಲಸದಲ್ಲಿ ಡ್ರಿಪ್ ಇಲ್ಲದೆ ಒಂದೇ ಡೋಸ್ ಕೊಟ್ಟು ಹದಿನೈದು ನಿಮಿಷ ಬಿಟ್ಟರೆ ಹೃದಯದ ಮಟ್ಟಿಗೆ ಸಾಕಾಗುತ್ತದೆ. ಕೆಜಿಗೆ 0.1 ಮಿಲಿಮೋಲ್ ಎಂದರೆ 60 ಕೆಜಿ ತೂಕದವರಿಗೆ, ಲೀಟರಿಗೆ ಅರ್ಧ ಮೋಲ್ ಇರುವ ಬಾಟಲಿಯಿಂದ 12 ಎಂಎಲ್. ಕೆಲವರು ಇದರ ಎರಡರಷ್ಟರವರೆಗೂ ಕೊಡುತ್ತಾರೆ. ಆ ಹುಡುಗಿಗೆ ನಾನು ಹೇಳಿದ್ದು: ಯಾವ ಔಷಧಿ, ಎಷ್ಟು ಎಂಎಲ್, ಎಷ್ಟು ಗಂಟೆಗೆ ಕೊಟ್ಟದ್ದು, ಎರಡನೇ ನಕ್ಷೆ ಎಷ್ಟು ಗಂಟೆಗೆ, ಮಷಿನ್ ಎಷ್ಟು ಟೆಸ್ಲಾ, ಆ ದಿನದ ಹಿಮ್ಯಾಟೋಕ್ರಿಟ್ ಎಷ್ಟು, ಇಷ್ಟನ್ನೂ ರಿಪೋರ್ಟಿನ ಹಾಳೆಯ ಮೇಲೆ ಬರೆದುಬಿಡಮ್ಮ. ಎರಡು ವರ್ಷ ಬಿಟ್ಟು ಅದೇ ರೋಗಿ ಇನ್ನೊಂದು ಊರಿನ ಡಾಕ್ಟರ ಮುಂದೆ ಕೂತಾಗ, ಹಳೆಯ ಅಂಕಿಯನ್ನು ಹೊಸದರ ಜೊತೆ ಇಡಬಹುದೋ ಇಲ್ಲವೋ ಎಂದು ಅವರು ತೀರ್ಮಾನಿಸುವುದು ಆ ಹಾಳೆ ನೋಡಿಯೇ.